ಬಾಡಿ ಬದಲಿಸದೆ ಆಟ ತೆಗೆದೆ: ಡಿ3500 ಮತ್ತು ನನ್ನ ಲೆಕ್ಕ

ಚಿಕ್ಕ ಸೆನ್ಸರ್ (ಬೆಳಕು ಹಿಡಿಯುವ ಭಾಗ) ಇರುವ ನಿಕಾನ್ ಡಿ3500 ಬಿಟ್ಟು ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ಗೆ ಹೋಗು ಅಂತ ಮುಂಬೈಯ ನಮ್ಮ ಫೋಟೊ ಬಳಗದಲ್ಲಿ ನನಗೆ ಹೇಳದವರೇ ಇಲ್ಲ. ನಾನು ಜಾಸ್ತಿ ತೆಗೆಯುವುದು ಯಕ್ಷಗಾನ, ನಮ್ಮ ಮಾತಿನಲ್ಲಿ ಆಟ. ಪತ್ತನಾಜೆ (ಊರಿನ ಆಟಗಳ ಸೀಸನ್ ಮುಗಿಯುವ ದಿನ) ಮುಗಿದ ಮೇಲೆ ಊರಿನ ಕಲಾವಿದರು ಇಲ್ಲಿಗೆ ಬರುತ್ತಾರಲ್ಲ, ಆ ಮಳೆಗಾಲವೇ ನನ್ನ ಸೀಸನ್. ಮಾಟುಂಗದ ಮೈಸೂರು ಅಸೋಸಿಯೇಶನ್, ಕುರ್ಲಾದ ಬಂಟರ ಭವನ, ಡೊಂಬಿವಲಿಯ ಸಣ್ಣ ಹಾಲ್‌ಗಳು. ಬೆಳಕು ಕಮ್ಮಿ, ಕುಣಿತ ಜೋರು. "ಎಂತ ಮಾರಾಯ, ಈ ಮಕ್ಕಳ ಕ್ಯಾಮೆರಾದಲ್ಲಿ ಆಟ ತೆಗೀಲಿಕ್ಕೆ ಆಗ್ತದಾ?" ಅಂತ ಕೇಳಿದವರ ಮುಂದೆ ಹೋದ ಸಲ ಎರಡು ಅಡಿ ಅಗಲದ ಪ್ರಿಂಟ್ ಇಟ್ಟೆ. ಯಾವ ಬಾಡಿಯದ್ದು (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಅಂತ ಒಬ್ಬರಿಗೂ ಗೊತ್ತಾಗಲಿಲ್ಲ. ಅದೇ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಡಿಲೀಟ್ ಮಾಡುವುದನ್ನು ನಿಲ್ಲಿಸಿದೆ. ಬೇಡವಾದ ಫೋಟೊ ಎಲ್ಲ ಒಂದು ಫೋಲ್ಡರ್‌ಗೆ ಹೋಗುತ್ತಿತ್ತು. ಒಂದು ಮಳೆಗಾಲದಲ್ಲಿ ಸಾವಿರದ ಹತ್ತಿರ ಸೇರಿರಬೇಕು. ಆಮೇಲೆ ಕೂತು ಪ್ರತಿಯೊಂದಕ್ಕೂ ಒಂದೇ ಒಂದು ಕಾರಣ ಬರೆದೆ: ಕೈ ಅಲುಗಿದ್ದು, ವೇಷ (ಪಾತ್ರಧಾರಿ) ಅಲುಗಿದ್ದು, ಫೋಕಸ್ ಹೋದದ್ದು, ನಾಯ್ಸ್ (ಫೋಟೊ ತುಂಬ ಕಾಳು ಕಾಳು), ಕೆಂಪು ವಿವರವಿಲ್ಲದೆ ಸುಟ್ಟದ್ದು, ಕ್ಷಣವೇ ಚೆನ್ನಾಗಿಲ್ಲದ್ದು. ಎರಡು ಕಾರಣ ಬರೆಯುವ ಹಾಗಿಲ್ಲ, ಇದು ಮುಖ್ಯ. ಎರಡು ಬರೆದರೆ ನಾಯ್ಸ್ ಎಲ್ಲದರಲ್ಲೂ ನುಸುಳುತ್ತದೆ. ಬೇಜಾರಿನ ಕೆಲಸ, ಆದರೆ ಉತ್ತರ ಅಲ್ಲೇ ಇತ್ತು. ಅರ್ಧಕ್ಕಿಂತ ಜಾಸ್ತಿ ಫೋಟೊ ಹೋದದ್ದು ವೇಷ ಅಲುಗಿ. ಬರೀ ನಾಯ್ಸ್ ಕಾರಣಕ್ಕೆ ಬಿಟ್ಟದ್ದು ನೂರಕ್ಕೆ ಎಂಟೋ ಹತ್ತೋ. ಅಲುಗಿದ್ದರ ಎಕ್ಸಿಫ್, ಅಂದರೆ ಫೋಟೊ ಜೊತೆ ಉಳಿಯುವ ಸೆಟ್ಟಿಂಗ್ ವಿವರ ನೋಡಿದರೆ ಎಲ್ಲದರಲ್ಲೂ ಒಂದೇ ಕಥೆ: ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್ 55 ಎಂಎಂನಲ್ಲಿ, ಎಫ್ 5.6 (ಈ ಸಂಖ್ಯೆ ಕಮ್ಮಿಯಾದಷ್ಟು ಬೆಳಕು ಜಾಸ್ತಿ), ಬೆಳಕಿನ ಸೂಕ್ಷ್ಮತೆ ಅಂದರೆ ಐಎಸ್‌ಒ 6400, ಶಟರ್ 1/60 ಸೆಕೆಂಡ್. 1/60ರಲ್ಲಿ ಪುಂಡುವೇಷದ (ಎಳೆಯ ವೀರನ ಪಾತ್ರ) ಧೀಂಗಿಣ, ಅಂದರೆ ಸುತ್ತುತ್ತಾ ಹಾರುವ ಕುಣಿತ, ಯಾವ ಬಾಡಿಯಲ್ಲೂ ನಿಲ್ಲುವುದಿಲ್ಲ.

ಮುಂದಿನ ಲೆಕ್ಕ ಒಂದು ಸ್ಟಾಪ್‌ಗೆ ಎಷ್ಟು ರೂಪಾಯಿ ಅನ್ನುವುದು; ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು. ನಮ್ಮ ಸೆನ್ಸರ್‌ನಿಂದ ಫುಲ್ ಫ್ರೇಮ್‌ಗೆ ಹೋದರೆ ಸಿಗುವುದು ಒಂದು ಸ್ಟಾಪ್, ಮೇಲೆ ಚೂರು. ಸೆಕೆಂಡ್ ಹ್ಯಾಂಡ್ ಫುಲ್ ಫ್ರೇಮ್ ನಿಕಾನ್ ಡಿ750ಗೆ ಆಗ ಐವತ್ತೈದು ಸಾವಿರದ ಸುಮಾರು ಹೇಳುತ್ತಿದ್ದರು. ನನ್ನದನ್ನು ಮಾರಿದರೂ ಕೈಯಿಂದ ನಲವತ್ತು ಸಾವಿರ. ಎಫ್ 5.6ರಿಂದ ಎಫ್ 1.8ಕ್ಕೆ ಬಂದರೆ ಮೂರು ಸ್ಟಾಪ್‌ಗೂ ಜಾಸ್ತಿ, ಅಂದರೆ ಹತ್ತಿರ ಹತ್ತು ಪಟ್ಟು ಬೆಳಕು. ಸೆಕೆಂಡ್ ಹ್ಯಾಂಡ್ 85 ಎಂಎಂ ಎಫ್ 1.8 ಜಿ ಲೆನ್ಸ್ ಇಪ್ಪತ್ತೆರಡು ಸಾವಿರಕ್ಕೆ ಸಿಗುತ್ತಿತ್ತು. ಹಾಗಾದರೆ ಸ್ಟಾಪ್‌ಗೆ ಏಳು ಸಾವಿರ ಸಾಕು.

ಆದರೂ ಒಮ್ಮೆಗೇ 85ಕ್ಕೆ ಕೈ ಹಾಕಲಿಲ್ಲ. ಫೋರ್ಟ್ ಕಡೆಯ ಒಂದು ಅಂಗಡಿಯಿಂದ 50 ಎಫ್ 1.8 ಡಿ ಐದು ಸಾವಿರಕ್ಕೆ ತಂದೆ. ಈ ಲೆನ್ಸಿನಲ್ಲೂ ಡಿ3500ರಲ್ಲೂ ಫೋಕಸ್ ಮೋಟಾರ್ ಇಲ್ಲ, ಹಾಗಾಗಿ ಆಟೊ ಫೋಕಸ್ ಆಗುವುದಿಲ್ಲ. ಗೊತ್ತಿದ್ದೇ ತಂದದ್ದು, ಬೆಳಕಿನ ಲೆಕ್ಕ ಸರಿಯೋ ಅಂತ ನೋಡಬೇಕಿತ್ತು. ತಾಳಮದ್ದಳೆಯಲ್ಲಿ (ವೇಷ, ಕುಣಿತ ಇಲ್ಲದೆ ಬರೀ ಹಾಡು, ಮಾತು) ಕೂತ ಅರ್ಥಧಾರಿಗಳ ಫೋಟೊ ಬಂತು ನೋಡಿ, ಕಣ್ಣಿನ ಹೊಳಪೂ ಬಂತು. ಆಟಕ್ಕೆ ಒಯ್ದಾಗ ಪೂರ್ತಿ ಸೋತಿತು. ಆ ಚಿಕ್ಕ ವ್ಯೂಫೈಂಡರ್‌ನಲ್ಲಿ ಕೈಯಿಂದ ಫೋಕಸ್ ಮಾಡುತ್ತಾ ಧೀಂಗಿಣ ಹಿಡಿಯಲು ಆಗುವುದಿಲ್ಲ, ಇಡೀ ರಾತ್ರಿಯದ್ದರಲ್ಲಿ ಇಟ್ಟುಕೊಳ್ಳುವಂಥದ್ದು ಬೆರಳೆಣಿಕೆಯಷ್ಟು. ಆದರೆ ಶಟರ್ ಮಾತ್ರ ಬೇಕಾದಷ್ಟು ಸಿಕ್ಕಿತ್ತು. ಅಷ್ಟು ಖಾತ್ರಿ ಸಾಕಿತ್ತು. ಲೆನ್ಸನ್ನು ಐನೂರು ರೂಪಾಯಿ ನಷ್ಟದಲ್ಲಿ ಮಾರಿದೆ. ನಡುವೆ 35 ಎಫ್ 1.8 ಕೂಡ ನೋಡಿದೆ. ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆ) ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಮುಖಕ್ಕೆ ಬಿಳಿ ಚುಕ್ಕಿಗಳ ಚುಟ್ಟಿ ಇಡುವಾಗ ಅದರಂಥ ಲೆನ್ಸ್ ಇನ್ನೊಂದಿಲ್ಲ, ರಂಗಸ್ಥಳಕ್ಕೆ ಮಾತ್ರ ಬಹಳ ಅಗಲ.

85 ಬಂದ ಮೇಲೆ ಅದೇ ಹಾಲ್, ಅದೇ ಬೆಳಕು: ಎಫ್ 2, ಐಎಸ್‌ಒ 3200, 1/250. ಗಾಳಿಯಲ್ಲಿರುವ ವೇಷ ನಿಂತಿತು, ಗೆಜ್ಜೆ ಕಟ್ಟಿದ ಕಾಲು ಮಾತ್ರ ಸ್ವಲ್ಪ ಮಸುಕು, ಅದು ಇರಲೇಬೇಕು. ಇನ್ನೂ ಜೋರು ಬೇಕು ಅಂತ 1/500ಕ್ಕೆ ಹೋದಾಗ ಕೆಲವು ಹಾಲ್‌ಗಳ ಎಲ್‌ಇಡಿ ದೀಪದಿಂದ ಅಡ್ಡ ಪಟ್ಟಿ ಬಂದವು, ಹಾಗಾಗಿ 1/250ರಲ್ಲೇ ಇರುತ್ತೇನೆ. ಕೆಂಪು ಇನ್ನೊಂದು ತಲೆನೋವು. ಸಾದಾ ಹಿಸ್ಟೊಗ್ರಾಂ (ಫೋಟೊದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿ ಕಾಣುತ್ತದೆ, ಆದರೆ ಕೆಂಪು ಚಾನೆಲ್ ಸುಟ್ಟಿರುತ್ತದೆ. ಆರ್‌ಜಿಬಿ ಹಿಸ್ಟೊಗ್ರಾಂ (ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವಂಥದ್ದು) ಹಾಕಿಕೊಂಡು ಬೆಳಕು 0.7 ಸ್ಟಾಪ್ ಕಮ್ಮಿ ಇಡಿ, ಆಮೇಲೆ ರಾ (ಕಚ್ಚಾ) ಫೈಲಿನಲ್ಲಿ ಎತ್ತಿಕೊಳ್ಳಬಹುದು.

ಇಷ್ಟಾದರೂ ಬಳಗದವರು ಒಪ್ಪಲಿಲ್ಲ. ಸರಿ, ಡಿ750 ಒಂದು ದಿನಕ್ಕೆ ಬಾಡಿಗೆಗೆ ತಂದೆ, ಸಾವಿರದ ಐನೂರೋ ಏನೋ ಕೊಟ್ಟ ನೆನಪು, ಡೆಪಾಸಿಟ್ ಬೇರೆ. ಅದೇ 85, ಅದೇ ಮೂರನೇ ಸಾಲಿನ ಸೀಟು. ನನ್ನದರಲ್ಲಿ ಸೊಂಟದವರೆಗೆ ಬರುತ್ತಿದ್ದ ವೇಷ ಅದರಲ್ಲಿ ಹತ್ತಿರಹತ್ತಿರ ಪೂರ್ತಿ ಬಂತು. ನನಗೆ ಬೇಕಾದ ಚೌಕಟ್ಟಿಗೆ ಕ್ರಾಪ್ ಮಾಡಿದರೆ ಇಪ್ಪತ್ತನಾಲ್ಕು ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು ಹತ್ತು, ಆ ಒಂದು ಸ್ಟಾಪ್ ಲಾಭವೂ ಅಲ್ಲೇ ಹೋಯಿತು. ಅದನ್ನು ಉಳಿಸಿಕೊಳ್ಳಬೇಕಾದರೆ 135ರ ಹತ್ತಿರದ ಇನ್ನೊಂದು ಲೆನ್ಸ್ ಬೇಕು. ತೂಕ ನೋಡಿ, ಡಿ750ರ ಖಾಲಿ ಬಾಡಿ 750 ಗ್ರಾಂ, ನನ್ನ ಡಿ3500 ಮತ್ತು 85 ಸೇರಿದರೂ ಅಷ್ಟಾಗುವುದಿಲ್ಲ. ಸಂಜೆಯ ಲೋಕಲ್ ರೈಲು ಡೊಂಬಿವಲಿ ಫಾಸ್ಟ್‌ನಲ್ಲಿ ನಿಂತು ಬರುವವರಿಗೆ ಇದು ಸಣ್ಣ ಮಾತಲ್ಲ. ಅದೇ ಹುರುಪಿನಲ್ಲಿ ಐರೋಲಿ ಕಡೆ ಫ್ಲೆಮಿಂಗೊಗೂ ಲೆಕ್ಕ ಹಾಕಿದೆ, 70-300 ಎಎಫ್-ಪಿ ಲೆನ್ಸ್ ಹಾಕಿಕೊಂಡು. ಅಲ್ಲಿ ಬೆಳಕು ಧಾರಾಳ, ದೂರವೇ ಸಮಸ್ಯೆ, ಚಿಕ್ಕ ಸೆನ್ಸರೇ ಲಾಭ. ಭರತದ (ಸಮುದ್ರದ ನೀರು ಏರುವ) ಹೊತ್ತು ನೋಡಿಕೊಂಡು ಹೋದರೆ ಹಕ್ಕಿ ತಾನೇ ಹತ್ತಿರ ಬರುತ್ತದೆ.

ಡಿ750 ಗೆದ್ದದ್ದು ಫೋಕಸ್‌ನಲ್ಲಿ. ಅದಕ್ಕೆ 51 ಪಾಯಿಂಟ್, ನನ್ನದಕ್ಕೆ 11, ಅದರಲ್ಲೂ ನಡುವಿನದ್ದೊಂದೇ ಕ್ರಾಸ್ (ಅಡ್ಡ, ಉದ್ದ ಎರಡೂ ಗೆರೆ ಹಿಡಿಯುವಂಥದ್ದು). ಫೋಕಸ್ ಹೋದ ಫೋಟೊ ಆ ದಿನ ಅರ್ಧಕ್ಕೆ ಇಳಿಯಿತು. ಇದನ್ನು ಮುಚ್ಚಿಡುವುದಿಲ್ಲ. ಅದಾದ ಮೇಲೆ ನಾನು ನಡುವಿನ ಪಾಯಿಂಟ್ ಒಂದನ್ನೇ ಇಟ್ಟು, ಫ್ರೇಮ್ ಸಡಿಲ ಬಿಟ್ಟು, ಆಮೇಲೆ ಕ್ರಾಪ್ ಮಾಡುವ ಅಭ್ಯಾಸ ಮಾಡಿಕೊಂಡೆ. ವೇಷದ ಯಾವ ಜಾಗದ ಮೇಲೆ ಪಾಯಿಂಟ್ ಇಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ, ಅದನ್ನು ಕಂಡುಕೊಳ್ಳಲು ಬಹಳ ಆಟ ಬೇಕಾಯಿತು.

ಈಗಲೂ ಆ ಫೋಲ್ಡರ್ ಇದೆ. ಫೋಕಸ್ ಕಾರಣದ್ದು ಐದರಲ್ಲಿ ಒಂದರಷ್ಟಿದೆ. ಮೂರರಲ್ಲಿ ಒಂದಾದರೆ ಬಾಡಿ ಬದಲಿಸುತ್ತೇನೆ, ಯಾರೂ ಹೇಳಬೇಕಾಗಿಲ್ಲ. ಮದುವೆ ಆರ್ಡರ್ ಮಾತ್ರ ಬೇರೆ. ಡಿ3500ರಲ್ಲಿ ಒಂದೇ ಕಾರ್ಡ್ ಸ್ಲಾಟ್, ಧಾರೆ ಹೊತ್ತಿಗೆ ಕಾರ್ಡ್ ಕೈಕೊಟ್ಟರೆ ಮತ್ತೆ ಧಾರೆ ಎರೆಸಲು ಆಗುವುದಿಲ್ಲ ಅಲ್ವಾ. ಅಂಥ ದಿನ ಎರಡು ಸ್ಲಾಟ್‌ನ ಕ್ಯಾಮೆರಾ ಬಾಡಿಗೆಗೆ ತರುತ್ತೇನೆ, ಆ ಹಣವನ್ನು ಮೊದಲೇ ಹೇಳಿ ಬಿಲ್ಲಿಗೆ ಸೇರಿಸುತ್ತೇನೆ. ಇದುವರೆಗೆ ಯಾರೂ ಕೊಡುವುದಿಲ್ಲ ಅಂದಿಲ್ಲ.