ಹವಾಮಾನದ ಬಗ್ಗೆ ಶಾಸಕರಿಗೆ ಮನವಿ: ಒಂದು ಹಾಳೆ, ಒಂದೇ ವಿಷಯ

ಜೂನ್ 5ರ ಪರಿಸರ ದಿನ ಬಂತೆಂದರೆ ನಮ್ಮ ತಾಲ್ಲೂಕುಗಳಲ್ಲಿ ಸಸಿ ನೆಡುವ ಕಾರ್ಯಕ್ರಮ, ಕೊನೆಯಲ್ಲಿ ಶಾಸಕರಿಗೊಂದು ಮನವಿ. ಇಂಥ ಮನವಿಗಳನ್ನು ವರ್ಷಗಟ್ಟಲೆ ಓದಿದ್ದೇನೆ. ಪಶ್ಚಿಮಘಟ್ಟ ಉಳಿಸಿ, ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆ ಕೈಬಿಡಿ, ಅಕೇಶಿಯಾ ತೆಗೆಸಿ, ಅಡಿಕೆಯ ಎಲೆಚುಕ್ಕೆ ರೋಗಕ್ಕೆ ಪರಿಹಾರ ಕೊಡಿ. ಎಲ್ಲವೂ ನ್ಯಾಯವಾದದ್ದೇ, ಆದರೆ ಎಲ್ಲವೂ ಒಂದೇ ಹಾಳೆಯಲ್ಲಿ. ‘ಪರಿಶೀಲಿಸಿ ಕ್ರಮವಹಿಸಿ’ ಎಂಬ ಷರಾ ಬೀಳುತ್ತದೆ. ಯಾವ ಇಲಾಖೆಗೆಂದು ತಿಳಿಯದ ಕಾಗದ ಎಲ್ಲಿಗೂ ಹೋಗುವುದಿಲ್ಲ.

ಮೊದಲು, ಯಾರ ಕೈಯಲ್ಲಿ ಏನಿದೆ ನೋಡಿಕೊಳ್ಳಿ. 2070ರೊಳಗೆ ನಿವ್ವಳ ಶೂನ್ಯ ಹೊರಸೂಸುವಿಕೆ ಎಂದು ಪ್ರಧಾನಿ 2021ರಲ್ಲಿ ಗ್ಲಾಸ್ಗೋದಲ್ಲಿ ಘೋಷಿಸಿದರು. ಅದರ ಲೆಕ್ಕ ಕೇಳಬೇಕಾದ್ದು ಸಂಸದರನ್ನು. ಶಾಸಕರು ಸದನದಲ್ಲಿ ಪ್ರಶ್ನೆ ಎತ್ತಬಲ್ಲರು, ಅಧಿಕಾರಿಗಳನ್ನು ಕೂರಿಸಿ ಕೇಳಬಲ್ಲರು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಲೇಬೇಕು. ಅದು ಕೊನೆಯ ಸಲ ಸಭೆ ಸೇರಿದ್ದು ಯಾವಾಗ ಎಂದು ಗ್ರಾಮಸಭೆಯಲ್ಲೇ ಕೇಳಿ.

ಆಮೇಲೆ ಪ್ರಶ್ನೆ ಬರೆಯುವ ಕೆಲಸ. ಎಲ್ಲರೂ ಎಡವುವುದು ಇಲ್ಲೇ. ‘ಹವಾಮಾನ ಬದಲಾವಣೆಯಿಂದ ರೈತರಿಗೆ ನಷ್ಟ’ ಎಂದು ಬರೆದರೆ ಶಾಸಕರೂ ‘ಹೌದು, ಬಹಳ ಕಷ್ಟ’ ಎನ್ನುತ್ತಾರೆ, ಮಾತು ಮುಗಿಯಿತು. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯನ್ನೇ ತೆಗೆದುಕೊಳ್ಳಿ. ಕೊಳೆ ರೋಗ ಬಂದು ಎಷ್ಟು ಕಾಯಿ ಉದುರಿತೆಂದು ಅಲ್ಲಿ ಯಾರೂ ಎಣಿಸುವುದಿಲ್ಲ. ಪಂಚಾಯಿತಿಯ ಮಳೆಮಾಪಕ ಕಳಿಸಿದ ಅಂಕಿಯ ಮೇಲೆ ಪರಿಹಾರ ನಿಂತಿದೆ. ಒಂದು ಆಷಾಢದಲ್ಲಿ ನಮ್ಮ ಸೀಮೆಯ ಪಂಚಾಯಿತಿಯೊಂದರ ತಾರಸಿ ಹತ್ತಿ ನೋಡಿದೆ. ಮಾಪಕದ ಆಲಿಕೆಯಲ್ಲಿ ಹಲಸಿನ ಎಲೆ ಕೊಳೆತು ಮೆತ್ತಿಕೊಂಡಿತ್ತು, ಅದರ ಮೇಲೆ ಹಾವಸೆ. ಮರದ ಕೊಂಬೆ ನೇರ ಮಾಪಕದ ಮೇಲಕ್ಕೇ ಚಾಚಿತ್ತು. ಮರವಾಗಲಿ ಗೋಡೆಯಾಗಲಿ ತನ್ನ ಎತ್ತರದ ಎರಡು ಪಟ್ಟಾದರೂ ಮಾಪಕದಿಂದ ದೂರವಿರಬೇಕು. ಹೊರಗೆ ಧೋ ಎಂದು ಸುರಿಯುತ್ತಿದ್ದರೂ ಒಳಗೆ ಹನಿ ಹನಿ ಇಳಿಯುತ್ತಿತ್ತು. ಹೊಟ್ಟೆ ಉರಿದುಹೋಯಿತು.

ಅಂಥಲ್ಲಿ ಹೀಗೆ ಬರೆಯಿರಿ: ‘ನಮ್ಮ ಹೋಬಳಿಯ ಯಾವ ಪಂಚಾಯಿತಿಯ ಮಳೆಮಾಪಕ ಕಳೆದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಷ್ಟು ದಿನ ಕೆಟ್ಟಿತ್ತು? ಆ ದಿನಗಳ ಅಂಕಿ ಎಲ್ಲಿಂದ ಬಂತು? ಈ ಮುಂಗಾರಿಗೆ ಮೊದಲು ಸರಿಪಡಿಸುವ ಹೊಣೆ ಯಾವ ಅಧಿಕಾರಿಯದು?’ ಜೊತೆಗೆ ಮಾಪಕದ ಫೋಟೊ, ನೀವೇ ಅಳೆದ ಮಳೆ ಲೆಕ್ಕ. ನಾವು ಇಂಚಿನಲ್ಲಿ ಎಣಿಸುವವರು, ಇಲಾಖೆಗೆ ಮಿಲಿಮೀಟರ್ ಬೇಕು, ಇಂಚಿಗೆ 25.4ರಂತೆ ಗುಣಿಸಿಯೇ ಬರೆಯಿರಿ. ಇಲಾಖೆಯಂತೆ ಬೆಳಿಗ್ಗೆ 8.30ಕ್ಕೇ ಅಳೆಯಿರಿ. ಅಳತೆಪಟ್ಟಿಯನ್ನು ಅಂಟಿಸಿದ ಅಗ್ಗದ ಪ್ಲಾಸ್ಟಿಕ್ ಮಾಪಕ ಬೇಡವೇ ಬೇಡ, ಒಂದೇ ಮಳೆಗಾಲಕ್ಕೆ ಪಟ್ಟಿ ಕಿತ್ತು ಬರುತ್ತದೆ. ಗೆರೆ ಅಚ್ಚಾಗಿರುವುದನ್ನು ಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಸಿದ್ಧ ಮನವಿಗೆ ಹೆಸರು ಸೇರಿಸಿ ಕೊಡುವುದೂ ಬೇಡ. ಶರಾವತಿಯ ವಿಷಯ ಮಳೆಮಾಪಕಕ್ಕಿಂತ ದೊಡ್ಡದು. ಅದಕ್ಕೆ ಬೇರೆಯೇ ಹಾಳೆ, ಬೇರೆ ದಿನ.

ಕೊಡುವುದು ಸುಲಭ: ವೇದಿಕೆಯಲ್ಲಿ ಬೇಡ, ಶಾಸಕರ ಕಚೇರಿಗೆ ಹೋಗಿ ಎರಡು ಪ್ರತಿ ಕೊಟ್ಟು ಒಂದಕ್ಕೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

‘ಆಯ್ತು ಮಾರಾಯ್ರೆ, ನೋಡಾಣ’ ಎಂದರೆ ಯಾವಾಗ ಬರಲಿ ಎಂದು ಕೇಳಿ, ಆ ದಿನಾಂಕವನ್ನು ಅವರೆದುರೇ ಬರೆದುಕೊಳ್ಳಿ. ಜನಪ್ರತಿನಿಧಿ ವಿಜ್ಞಾನಿಯಾಗಬೇಕಿಲ್ಲ, ಆದರೆ ದಿನಾಂಕ ಮತ್ತು ಲಿಖಿತ ಉತ್ತರ ಕೊಡಲೇಬೇಕು. ತಿಂಗಳಾದರೂ ಹಿಂಬರಹ ಬಾರದಿದ್ದರೆ ಸಂಬಂಧಪಟ್ಟ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದ ಮೀರಬಾರದು, ಉತ್ತರಕ್ಕೆ 30 ದಿನ. ಬಂದ ಉತ್ತರದ ಪ್ರತಿ ಹಿಡಿದು ಮತ್ತೆ ಶಾಸಕರ ಬಳಿ ಹೋಗಿ, ಇದನ್ನೇ ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿಲ್ಲದ ಪ್ರಶ್ನೆಯಾಗಿ ಕೇಳಿ ಎನ್ನಿ. ಆಗ ಮಂತ್ರಿಗಳು ಲಿಖಿತವಾಗಿ ಉತ್ತರಿಸಬೇಕಾಗುತ್ತದೆ, ಅದು ಸದನದ ಕಡತದಲ್ಲಿ ಉಳಿಯುತ್ತದೆ.