ಹಳೆ ಸ್ಟೋರೇಜ್ ಹೀಟರ್ ಬದಲಿಸುವ ಮುನ್ನ ಮೀಟರ್ ಪೆಟ್ಟಿಗೆ ನೋಡಿ

ಇಂಗ್ಲೆಂಡಿನಲ್ಲಿ ಗ್ಯಾಸ್ ಲೈನ್ ಇಲ್ಲದ ಹಳೆ ಫ್ಲಾಟ್ ಕೊಂಡ ನಮ್ಮವರು ಚಳಿ ಶುರುವಾಗುತ್ತಲೇ ಫೋನ್ ಮಾಡುತ್ತಾರೆ: "ಅಣ್ಣಾ, ಈ ದೊಡ್ಡ ಹೀಟರ್ ಕಿತ್ತು ಹೊಸದು ಹಾಕಿಸಬೇಕು, ಯಾವ ಕಂಪನಿದು ತಗೊಳ್ಳಲಿ?" ನಾನು ಇಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಮಾಡುವವನು. ಕಂಪನಿ ವಿಷಯ ಆಮೇಲೆ ಮಾತಾಡೋಣ, ಮೊದಲು ಮೀಟರ್ ಪೆಟ್ಟಿಗೆಯ ಫೋಟೊ ಕಳಿಸಿ ಅನ್ನುತ್ತೇನೆ.

ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಕನ್ಸ್ಯೂಮರ್ ಯೂನಿಟ್ ಇರುತ್ತವೆ, ಅಂದರೆ ನಾವು ಊರಲ್ಲಿ ಡಿಬಿ ಅನ್ನುವ ಪೆಟ್ಟಿಗೆ. ಒಂದರಲ್ಲಿ ಇಪ್ಪತ್ನಾಲ್ಕು ಗಂಟೆಯೂ ಕರೆಂಟ್, ಅದನ್ನು ಹಗಲಿನ ಪೆಟ್ಟಿಗೆ ಅನ್ನೋಣ. ಲೈಟು, ಸಾಕೆಟ್ಟು, ಕುಕ್ಕರ್ ಎಲ್ಲ ಅದಕ್ಕೇ. ಇನ್ನೊಂದಕ್ಕೆ ರಾತ್ರಿ ಮಾತ್ರ. 1978ರಲ್ಲಿ ಬಂದ ಎಕಾನಮಿ 7 ದರದಲ್ಲಿ ರಾತ್ರಿ ಏಳು ಗಂಟೆ ಕರೆಂಟ್ ಅಗ್ಗ. ಆಗ ಸ್ಟೋರೇಜ್ ಹೀಟರಿನೊಳಗಿನ ಇಟ್ಟಿಗೆಗಳು ಕಾಯುತ್ತವೆ, ಹಗಲೆಲ್ಲ ಆ ಶಾಖ ಕೋಣೆಗೆ ಬರುತ್ತದೆ. ರಾತ್ರಿ ಪೆಟ್ಟಿಗೆಯಿಂದ ಒಂದೊಂದು ಹೀಟರಿಗೂ ಪ್ರತ್ಯೇಕ ಸರ್ಕ್ಯೂಟ್ ಹೋಗುತ್ತದೆ: ಸಾಮಾನ್ಯವಾಗಿ 2.5 ಚದರ ಮಿ.ಮೀ. ಕೇಬಲ್, ಹೀಟರ್ ಪಕ್ಕದಲ್ಲಿ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ 20 ಆಂಪಿಯರ್ ಡಬಲ್ ಪೋಲ್ ಸ್ವಿಚ್.

ಜೀವಕ್ಕೆ ಅಪಾಯ ಇರುವುದೂ ಇಲ್ಲೇ. ಹಗಲಲ್ಲಿ ಆ ಸ್ವಿಚ್ ಬಿಚ್ಚಿ ಟೆಸ್ಟರ್ ಇಟ್ಟರೆ ಕರೆಂಟ್ ತೋರಿಸುವುದಿಲ್ಲ. ಸರ್ಕ್ಯೂಟ್ ಆಫ್ ಮಾಡಿದ್ದರಿಂದಲ್ಲ, ರಾತ್ರಿಯ ಹೊತ್ತು ಇನ್ನೂ ಬಂದಿಲ್ಲ ಅಷ್ಟೆ. ಬಿಚ್ಚಿಟ್ಟ ತಂತಿಗೆ ನಡುರಾತ್ರಿ ಕರೆಂಟ್ ಬರುತ್ತದೆ, ಪಕ್ಕದಲ್ಲೇ ಮಕ್ಕಳು ಮಲಗಿರುತ್ತಾರೆ. ಅದಕ್ಕೇ ರಾತ್ರಿ ಪೆಟ್ಟಿಗೆಯ ಬ್ರೇಕರ್ ಕೆಳಗಿಳಿಸಿ ಬೀಗ ಹಾಕಲೇಬೇಕು. ಬೂಸ್ಟ್ (ಬೇಕೆಂದಾಗ ಹಗಲಲ್ಲೂ ಕಾಯಿಸುವ ಸೌಲಭ್ಯ) ಇರುವ ಕೆಲವು ಹಳೆ ಹೀಟರ್‌ಗಳಿಗೆ ಹಗಲಿನ ಪೆಟ್ಟಿಗೆಯಿಂದಲೂ ಇನ್ನೊಂದು ಕೇಬಲ್ ಬಂದಿರುತ್ತದೆ. ಒಂದನ್ನು ಆಫ್ ಮಾಡಿದರೆ ಇನ್ನೊಂದು ಜೀವಂತವಾಗಿಯೇ ಇರುತ್ತದೆ. ಎರಡನ್ನೂ ಹುಡುಕಿ ಆಫ್ ಮಾಡಿಯೇ ಕೈ ಹಾಕಬೇಕು.

ಈಗ ಹೊಸ ಹೀಟರ್. 2018ರ ಜನವರಿ 1ರಿಂದ ಮಾರುಕಟ್ಟೆಗೆ ಬರುವ ಸ್ಟೋರೇಜ್ ಹೀಟರ್‌ಗಳಿಗೆ ಎಲೆಕ್ಟ್ರಾನಿಕ್ ನಿಯಂತ್ರಣ ಇರಲೇಬೇಕೆಂಬ ನಿಯಮವಿದೆ. ಅದರ ಟೈಮರ್, ಫ್ಯಾನ್ ಹಗಲಲ್ಲೂ ನಡೆಯಬೇಕು. ಹಾಗಾಗಿ ಹಲವು ಮಾಡೆಲ್‌ಗಳು ಎರಡು ಸಪ್ಲೈ ಕೇಳುತ್ತವೆ: ರಾತ್ರಿಯದು ಮೊದಲೇ ಇದೆ, ಹಗಲಿನದನ್ನು ಫ್ಯೂಸ್ಡ್ ಸ್ಪರ್ (ಇರುವ ಸರ್ಕ್ಯೂಟಿನಿಂದ ಫ್ಯೂಸ್ ಹಾಕಿ ತೆಗೆದ ಕವಲು) ಮೂಲಕ ಎಳೆಯಬೇಕು. ಎರಡರ ನ್ಯೂಟ್ರಲ್ ಬೇರೆಬೇರೆಯಾಗಿಯೇ ಇರಲಿ. ಬೆರೆಸಿದರೆ, ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ ಆರ್‌ಸಿಡಿ ಟ್ರಿಪ್ ಆಗುತ್ತದೆ. ಎರಡನ್ನೂ ಒಟ್ಟಿಗೆ ಕಡಿಯುವ ಸ್ವಿಚ್ ಹಾಕಿಸುವುದು ನನಗಿಷ್ಟ. ಅದಾಗದಿದ್ದರೆ ಎರಡು ಸ್ವಿಚ್ ಅಕ್ಕಪಕ್ಕ ಇರಲಿ, "ಇಲ್ಲಿ ಎರಡು ಸಪ್ಲೈ ಇವೆ" ಎಂಬ ಎಚ್ಚರಿಕೆ ಪಟ್ಟಿಯೂ ಇರಲಿ. ಗೋಡೆಯೊಳಗೆ ಹೊಸ ಕೇಬಲ್ ಹೂತರೆ 30 ಮಿಲಿಆಂಪಿಯರ್ ಆರ್‌ಸಿಡಿ ರಕ್ಷಣೆ ಕೊಡಿ.

ಶಾಖ ಕೂಡಿಡದ ಸಾದಾ ಪ್ಯಾನೆಲ್ ಹೀಟರ್ ತಂದು ಹಳೆ ಕೇಬಲ್ಲಿಗೇ ಸೇರಿಸಿಬಿಡಿ ಅನ್ನುವವರಿದ್ದಾರೆ. ಸೇರಿಸಿದರೆ ಅದು ರಾತ್ರಿ ಮಾತ್ರ ಕಾಯುತ್ತದೆ, ಸಂಜೆ ಮನೆಗೆ ಬಂದಾಗ ತಣ್ಣಗಿರುತ್ತದೆ. ಹಗಲಿನ ಪೆಟ್ಟಿಗೆಗೆ ಬದಲಿಸಿದರೆ ಕೆಲಸ ಮಾಡುತ್ತದೆ ನಿಜ, ಆದರೆ ದುಬಾರಿ ದರದಲ್ಲಿ. ಅಪರೂಪಕ್ಕೆ ಬಳಸುವ ಚಿಕ್ಕ ಕೋಣೆಗೆ ಸರಿ, ಹಾಲ್‌ಗೆ ನಾನು ಒಪ್ಪುವುದಿಲ್ಲ.

ಲೋಡ್ ಲೆಕ್ಕ ಯಾರು ಮಾಡಿದರೂ ನೀವೂ ಒಮ್ಮೆ ಮಾಡಿ. ಬೇರೆ ಉಪಕರಣಗಳು ಒಟ್ಟಿಗೆ ಉರಿಯುವುದಿಲ್ಲವೆಂದು ಸ್ವಲ್ಪ ರಿಯಾಯಿತಿ ಹಿಡಿಯಬಹುದು. ಸ್ಟೋರೇಜ್ ಹೀಟರಿಗೆ ಆ ರಿಯಾಯಿತಿ ಇಲ್ಲ, ಏಕೆಂದರೆ ಎಲ್ಲವೂ ಒಂದೇ ಗಳಿಗೆಯಲ್ಲಿ ಆನ್ ಆಗುತ್ತವೆ. 3.4 ಕಿಲೋವ್ಯಾಟಿನ ನಾಲ್ಕು ಹೀಟರ್ ಅಂದರೆ 13.6 ಕಿಲೋವ್ಯಾಟ್, 230 ವೋಲ್ಟಿಗೆ ಸುಮಾರು 59 ಆಂಪಿಯರ್. ರಾತ್ರಿಯೇ ಕಾಯುವ 3 ಕಿಲೋವ್ಯಾಟಿನ ಇಮ್ಮರ್ಶನ್ ಹೀಟರ್ (ಬಿಸಿನೀರಿನ ಟ್ಯಾಂಕಿನದು) ಸೇರಿಸಿದರೆ 72. ಮೇನ್ ಫ್ಯೂಸ್ 60ರದ್ದಾದರೆ ಸಾಲದು. ಆ ಫ್ಯೂಸಿನ ಸೀಲ್ ನೀವಾಗಲಿ ನಾನಾಗಲಿ ಮುರಿಯುವಂತಿಲ್ಲ; ಅದು ವಿದ್ಯುತ್ ಜಾಲದ ಕಂಪನಿಯದು, ಬದಲಿಸಬೇಕಾದವರೂ ಅವರೇ.

ರೇಡಿಯೊ ಟೆಲಿಸ್ವಿಚ್ ಮೀಟರ್ ಇದ್ದರೆ ಮೊದಲು ಅದನ್ನು ಬದಲಿಸಿ. ಬಿಬಿಸಿ ರೇಡಿಯೊ 4ರ ಲಾಂಗ್ ವೇವ್ ಮೇಲೆ ಬರುವ ಸಂಕೇತದಿಂದ ಅದು ಹಗಲು ರಾತ್ರಿ ದರ ಬದಲಿಸುತ್ತಿತ್ತು. ಆ ಸೇವೆಯನ್ನು ಹಂತಹಂತವಾಗಿ ನಿಲ್ಲಿಸಲು 2025ರ ಜೂನ್ 30ನ್ನು ಗೊತ್ತುಪಡಿಸಿದ್ದರು. ಸ್ಮಾರ್ಟ್ ಮೀಟರ್ ಹಾಕಲು ಬಂದವರಿಗೆ ರಾತ್ರಿ ಸರ್ಕ್ಯೂಟ್ ಇದೆ, ಅದಕ್ಕೆ ಬೇರೆ ತಂತಿ ಹೊರಡುವ ಐದು ಟರ್ಮಿನಲ್ ಮೀಟರ್ ಬೇಕು ಎಂದು ಮೊದಲೇ ಹೇಳಿ.

ಹಳೆಯದನ್ನು ತೆಗೆಯುವ ಹಿಂದಿನ ದಿನವೇ ಚಾರ್ಜ್ ನಿಲ್ಲಿಸಿ ಆರಲು ಬಿಡಿ. ತುಂಬ ಭಾರ, ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆಯಬೇಕು. 1970ರ ದಶಕದ ಮಧ್ಯಕ್ಕಿಂತ ಹಿಂದಿನದಾದರೆ ಒಳಗೆ ಕಲ್ನಾರು ಇರಬಹುದು. ಮುಚ್ಚಳ ತೆಗೆಯದೆ ಅದರ ಪರಿಣತರನ್ನು ಕರೆಯಿರಿ.

ಇರುವ ಸರ್ಕ್ಯೂಟಿಗೇ ಅದೇ ಬಗೆಯ ಹೀಟರ್ ಹಾಕಿದರೆ ಕಟ್ಟಡ ನಿಯಮ ನೋಡಿಕೊಳ್ಳುವ ಬಿಲ್ಡಿಂಗ್ ಕಂಟ್ರೋಲಿಗೆ ತಿಳಿಸಬೇಕಿಲ್ಲ. ಹೊಸ ಸರ್ಕ್ಯೂಟ್ ಎಳೆದರೆ, ಕನ್ಸ್ಯೂಮರ್ ಯೂನಿಟ್ ಬದಲಿಸಿದರೆ ಆ ನಿಯಮಗಳಲ್ಲಿ ಮನೆ ವೈರಿಂಗಿನ ಭಾಗವಾದ ಪಾರ್ಟ್ ಪಿ ಪ್ರಕಾರ ತಿಳಿಸಲೇಬೇಕು. ಎನ್‌ಐಸಿಇಐಸಿ ಅಥವಾ ನ್ಯಾಪಿಟ್‌ನಲ್ಲಿ (ಎಲೆಕ್ಟ್ರಿಷಿಯನ್ನರ ನೋಂದಣಿ ಸಂಸ್ಥೆಗಳು) ನೋಂದಾಯಿಸಿದವರು ಅದನ್ನು ತಾವೇ ತಿಳಿಸಿ ಸರ್ಟಿಫಿಕೇಟ್ ಕೊಡಿಸುತ್ತಾರೆ. ಮನೆ ಮಾರುವಾಗ ಸಾಲಿಸಿಟರ್ (ವಕೀಲರು) ಕೇಳುತ್ತಾರೆ, ಆ ಸರ್ಟಿಫಿಕೇಟ್ ಜೋಪಾನ.

ಕೆಲಸ ಮುಗಿದ ಮರುದಿನ ಬೆಳಿಗ್ಗೆ ಮೀಟರಿನ ಎರಡೂ ರೀಡಿಂಗ್ ನೋಡಿ. ಹೀಟರ್ ಚಾರ್ಜ್ ಆದ ಯೂನಿಟ್‌ಗಳು ಹಗಲಿನ ದರಕ್ಕೆ ಸೇರಿದ್ದರೆ, ಬಾಕಿ ಹಣ ಕೊಡುವ ಮೊದಲು ಎಲೆಕ್ಟ್ರಿಷಿಯನ್ನನ್ನು ವಾಪಸ್ ಕರೆಸಿ.