ಮೇಲಿನವರ ಹೊಂಡ ಒಡೆದು ನಿಮ್ಮ ತೋಟ ಹಾಳಾದರೆ: ಠಾಣೆಗೋ, ಸಿವಿಲ್ ಕೋರ್ಟಿಗೋ?

ಮಳೆಗಾಲ ಶುರುವಾಯಿತೆಂದರೆ ತೀರ್ಥಹಳ್ಳಿಯ ನನ್ನ ಆಫೀಸಿಗೆ ಬರುವವರದು ಒಂದೇ ಮಾತು. "ಮೇಡಂ, ಅವರ ಮೇಲೆ ಕೇಸ್ ಹಾಕಬೇಕು." ನಾನು ಮೊದಲು ಕೇಳುವುದು ಇಷ್ಟು: ಅವರಿಗೆ ಶಿಕ್ಷೆ ಆಗಬೇಕಾ, ನಿಮ್ಮ ನಷ್ಟ ತುಂಬಿ ಬರಬೇಕಾ? ಎರಡಕ್ಕೂ ದಾರಿ ಬೇರೆ. ಇದನ್ನು ಯೋಚಿಸದೆ ಹೊರಟವರು ಸುಮ್ನೆ ಅಲೆಯುತ್ತಾರೆ, ನನಗೆ ಅದನ್ನು ನೋಡಲಾಗುವುದಿಲ್ಲ.

ಒಬ್ಬ ಹಿರಿಯರ ವಿಷಯ ಹೇಳುತ್ತೇನೆ, ಹೆಸರು ಊರು ಬೇಡ. ಅವರ ಅಡಿಕೆ ತೋಟ ತಗ್ಗಿನಲ್ಲಿದೆ. ಮೇಲಿನ ಬೇಣದಲ್ಲಿ (ಗುಡ್ಡದ ಹುಲ್ಲುಗಾವಲಿನಲ್ಲಿ) ಪಕ್ಕದವರು ಕೃಷಿ ಹೊಂಡ ತೋಡಿಸಿದ್ದರು. ಜೆಸಿಬಿ ತೆಗೆದ ಮಣ್ಣನ್ನೇ ಇಳಿಜಾರಿನ ಕಡೆ ಏರಿ ಮಾಡಿ ಬಿಟ್ಟಿದ್ದರು. ಹೆಚ್ಚಾದ ನೀರು ಹೋಗೋಕೆ ಕೋಡಿ ಇರಲಿಲ್ಲ. ಜುಲೈ ಮಳೆಗೆ ಏರಿ ಒಡೆಯಿತು. ಬಸಿಗಾಲುವೆ ಮುಚ್ಚಿಹೋಯಿತು, ಮರಗಳ ಬುಡಕ್ಕೆ ಮೊಣಕಾಲುದ್ದ ಕೆಸರು ಕೂತಿತು. ಠಾಣೆಗೆ ಹೋದರೆ, "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ ಯಜಮಾನ್ರೆ" ಅಂದರಂತೆ. ಅವರಿಗೆ ತುಂಬಾ ಬೇಜಾರಾಗಿತ್ತು.

ಆದರೆ ಪೊಲೀಸರು ಹೇಳಿದ್ದರಲ್ಲಿ ತಪ್ಪಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂನಲ್ಲಿ ಆಸ್ತಿಗೆ ಕೇಡು ಮಾಡುವ ಅಪರಾಧ ಇದೆ. ಅದು ಅಪರಾಧ ಆಗಬೇಕಾದರೆ ಬೇಕಂತಲೇ ಮಾಡಿರಬೇಕು, ಇಲ್ಲವೇ ನಷ್ಟ ಆಗುತ್ತದೆಂದು ಗೊತ್ತಿದ್ದೂ ಮಾಡಿರಬೇಕು. ಬರೀ ಅಜಾಗ್ರತೆ ಸಾಲದು. ಅದೇ ಪಕ್ಕದವರು ರಾತ್ರಿ ಗುದ್ದಲಿ ತಂದು ಏರಿ ಕಡಿದಿದ್ದರೆ ಮಾತು ಬೇರೆ. ಆಗ ಅದು ಅಪರಾಧವೂ ಹೌದು, ಪರಿಹಾರ ಕೇಳುವ ಸಿವಿಲ್ ತಪ್ಪೂ ಹೌದು. ಎರಡೂ ಒಟ್ಟಿಗೆ ನಡೆಸಬಹುದು. ಕ್ರಿಮಿನಲ್ ಕೇಸಲ್ಲಿ ಅವರು ಬಿಡುಗಡೆ ಆದರೂ ನಿಮ್ಮ ದಾವೆ ಅಷ್ಟಕ್ಕೇ ಬಿದ್ದುಹೋಗುವುದಿಲ್ಲ. ಅಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು, ಇಲ್ಲಿ ನಿಮ್ಮ ಮಾತೇ ಹೆಚ್ಚು ಸಂಭವ ಅನಿಸಿದರೆ ಸಾಕು.

ಕ್ರಿಮಿನಲ್ ಕೇಸ್ ನಡೆಸುವುದು ಸರ್ಕಾರ, ನೀವು ಅಲ್ಲಿ ಸಾಕ್ಷಿ ಅಷ್ಟೇ. ದಂಡ ಕಟ್ಟಿದರೆ ಅದು ಸರ್ಕಾರಕ್ಕೆ. ಕ್ರಿಮಿನಲ್ ಕೇಸ್ ನಡೆಸುವ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 395ನೇ ಕಲಂ ಪ್ರಕಾರ ಕೋರ್ಟು ನಿಮಗೆ ಪರಿಹಾರ ಕೊಡಿಸಬಹುದು, ಆದರೆ ಅದು ಜಡ್ಜ್ ವಿವೇಚನೆಗೆ ಬಿಟ್ಟದ್ದು. ಸಿವಿಲ್ ದಾವೆ ನಿಮ್ಮದೇ. ಎಷ್ಟು ಕೇಳಬೇಕು, ಯಾವಾಗ ರಾಜಿ ಆಗಬೇಕು, ಎಲ್ಲ ನಿಮ್ಮ ಕೈಯಲ್ಲಿ. ಕಾನೂನಿನಲ್ಲಿ ಇಂಥ ತಪ್ಪಿಗೆ ಟಾರ್ಟ್ ಅಂತಾರೆ, ಕನ್ನಡ ಪುಸ್ತಕಗಳಲ್ಲಿ ಅಪಕೃತ್ಯ. ಇದಕ್ಕೆಂದೇ ಒಂದು ಕಾಯ್ದೆ ಪುಸ್ತಕ ಇಲ್ಲ, ಬಹುಪಾಲು ಹಳೇ ತೀರ್ಪುಗಳಿಂದ ಬೆಳೆದು ಬಂದದ್ದು.

ಹೊಂಡದ ವಿಷಯಕ್ಕೇ ಹೆಸರಾದ ತೀರ್ಪೊಂದಿದೆ. ಇಂಗ್ಲೆಂಡಿನಲ್ಲಿ ರೈಲಂಡ್ಸ್ ಎಂಬ ಗಿರಣಿ ಮಾಲೀಕ ಕಟ್ಟಿಸಿದ ಜಲಾಶಯದ ನೀರು ಫ್ಲೆಚರ್ ಎಂಬವನ ಗಣಿಗೆ ನುಗ್ಗಿತು. ರೈಲಂಡ್ಸ್‌ನ ಸ್ವಂತ ನಿರ್ಲಕ್ಷ್ಯ ಇರದಿದ್ದರೂ ನಷ್ಟಕ್ಕೆ ಅವನೇ ಹೊಣೆ ಎಂದು 1868ರಲ್ಲಿ ಅಲ್ಲಿನ ಆಗಿನ ಅತ್ಯುನ್ನತ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಇದೊಂದನ್ನೇ ನಂಬಿ ದಾವೆ ಹಾಕಬೇಡಿ. 1874ರಲ್ಲಿ ಕಾರ್ವೇಟಿನಗರದ ಜಮೀನ್ದಾರರ ಕೆರೆ ಒಡೆದು ರೈಲ್ವೆಗೆ ನಷ್ಟವಾದಾಗ, ನಮ್ಮ ದೇಶದಲ್ಲಿ ಕೆರೆ ಬೇಕೇ ಬೇಕು, ನಿರ್ಲಕ್ಷ್ಯ ಇಲ್ಲದಿದ್ದರೆ ಪರಿಹಾರ ಇಲ್ಲ ಎಂದು ಬ್ರಿಟಿಷರ ಕಾಲದಲ್ಲಿ ನಮ್ಮ ಕೊನೆಯ ಅಪೀಲು ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು. ಎದುರು ವಕೀಲರು ಇದನ್ನೇ ಹಿಡಿಯುತ್ತಾರೆ. ಹಾಗಾಗಿ ನಿರ್ಲಕ್ಷ್ಯವನ್ನು ತೋರಿಸುವ ಸಾಕ್ಷ್ಯ ಬೇಕು. ಕೋಡಿ ಇಲ್ಲ, ಏರಿ ಗಟ್ಟಿ ಮಾಡಿಲ್ಲ, ಮೊದಲೇ ಹೇಳಿದರೂ ಕೇಳಲಿಲ್ಲ, ಇಂಥವು.

ಅವರ ಇನ್ನೊಂದು ಉತ್ತರ "ದೈವೇಚ್ಛೆ, ಅಷ್ಟು ಮಳೆ ಬಂತು" ಅನ್ನುವುದು. ಯಾರೂ ಊಹಿಸಲಾಗದ ಮಳೆಗೆ ಮಾತ್ರ ಆ ವಾದ ನಿಲ್ಲುತ್ತದೆ. ಮಳೆಗಾಲದಲ್ಲಿ ಒಂದೇ ದಿನ 2.66 ಇಂಚು ಸುರಿದು ಗೋಡೆ ಬಿದ್ದದ್ದನ್ನು ಮಧ್ಯಪ್ರದೇಶ ಹೈಕೋರ್ಟ್ ದೈವೇಚ್ಛೆ ಎಂದು ಒಪ್ಪಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಈ ಸೀಮೆಯಲ್ಲಿ ಹೊಂಡ ತೋಡಿಸುವವರಿಗೆ ಜುಲೈ ಮಳೆ ಗೊತ್ತಿರಲಿಲ್ಲ ಅಂದರೆ ಯಾರು ನಂಬುತ್ತಾರೆ? ಹಾಗಂತ ಇಳಿಜಾರಿನಲ್ಲಿ ತಾನಾಗೇ ಹರಿದು ಬರುವ ಮಳೆನೀರಿಗೆ ಮೇಲಿನವರನ್ನು ದೂರಲಾಗದು. ಕಟ್ಟಿ ನಿಲ್ಲಿಸಿ, ಒಡೆದು ಬಂದ ನೀರು ಬೇರೆ.

ಈಗ ಕೆಲಸದ ಮಾತು. ಕೆಸರು ತೆಗೆಸುವ ಮೊದಲು ಫೋಟೋ ತೆಗೆಯಿರಿ. ಆ ಹಿರಿಯರ ಮಗಳು ಒಂದು ಬುದ್ಧಿವಂತಿಕೆ ಮಾಡಿದ್ದರು. ಪ್ರತಿ ಮರದ ಬುಡಕ್ಕೆ ಟೇಪು ಹಿಡಿದು, ಕೆಸರು ಎಲ್ಲಿವರೆಗೆ ಬಂದಿದೆ ಅಂತ ಕಾಣುವ ಹಾಗೆ ಫೋಟೋ ತೆಗೆದು, ಸಾಲಿನ ನಂಬರ್ ಬರೆದಿಟ್ಟಿದ್ದರು. ಒಡೆದ ಏರಿಯ ಬಾಯಿಯನ್ನೂ ಬಿಟ್ಟಿರಲಿಲ್ಲ. ಆ ಫೋನ್ ಬದಲಾಯಿಸಬೇಡಿ, ಫೋನಿನ ಫೋಟೋವನ್ನು ಕೋರ್ಟಲ್ಲಿ ಸಾಕ್ಷ್ಯವಾಗಿ ಕೊಡುವಾಗ ಲಗತ್ತಿಸುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರಕ್ಕೆ ಅದು ಬೇಕು. ಗ್ರಾಮ ಆಡಳಿತಾಧಿಕಾರಿಗೆ ಅರ್ಜಿ ಕೊಟ್ಟು ಸ್ಥಳ ತೋರಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಗಡಿಯ ತಕರಾರಿದ್ದರೆ ಹದ್ದುಬಸ್ತಿಗೆ, ಅಂದರೆ ಸರ್ವೆಯವರು ಗಡಿ ಅಳೆದು ಗುರುತಿಸುವುದಕ್ಕೆ, ಅರ್ಜಿ ಹಾಕಿ. ಆಮೇಲೆ ಬಸಿಗಾಲುವೆ ಬಿಡಿಸಿ. ಪರಿಹಾರ ಜಾಸ್ತಿ ಸಿಗಲಿ ಅಂತ ಹಾಗೇ ಬಿಟ್ಟರೆ ಮರವೂ ಹೋಗುತ್ತದೆ, ನೀವು ತಪ್ಪಿಸಬಹುದಿದ್ದ ನಷ್ಟ ಕೋರ್ಟಲ್ಲೂ ಸಿಗುವುದಿಲ್ಲ. ಆಳಿನ ಕೂಲಿ, ಜೆಸಿಬಿ ಬಾಡಿಗೆಗೆ ರಸೀದಿ ಬರೆಸಿಕೊಳ್ಳಿ.

ನಷ್ಟದ ಲೆಕ್ಕಕ್ಕೆ ಈ ವರ್ಷದ ಫಸಲು ಮಾತ್ರ ಸಾಲದು. ಸತ್ತ ಮರದ ಜಾಗಕ್ಕೆ ಹಾಕಿದ ಸಸಿ ಫಲ ಕೊಡೋಕೆ ವರ್ಷಗಳೇ ಬೇಕು, ಅಲ್ವಾ? ಹಿಂದಿನ ವರ್ಷಗಳಲ್ಲಿ ಮಂಡಿಗೋ, ಅಡಿಕೆ ಮಾರಾಟ ಸಹಕಾರ ಸಂಘವಾದ ಮ್ಯಾಮ್ಕೋಸ್‌ಗೋ ಹಾಕಿದ ಅಡಿಕೆಯ ಪಟ್ಟಿ ಹುಡುಕಿ, ತೋಟಗಾರಿಕೆ ಇಲಾಖೆಯವರಿಂದ ಅಂದಾಜು ಕೇಳಿ.

ನಂತರ ವಕೀಲರ ಮೂಲಕ ನೋಟಿಸ್. ಹೊಂಡ ಇನ್ನೂ ಅಪಾಯದಲ್ಲಿದ್ದರೆ ಪರಿಹಾರದ ಜೊತೆ ತಡೆಯಾಜ್ಞೆಯನ್ನೂ ಕೇಳಬೇಕು. ಆಸ್ತಿ ಹಾನಿಗೆ ದಾವೆ ಹಾಕಲು ಸಾಮಾನ್ಯವಾಗಿ 3 ವರ್ಷ ಸಮಯ, ಮಾನಹಾನಿಗಾದರೆ 1 ವರ್ಷ ಮಾತ್ರ. ರಸ್ತೆ ಕೆಲಸದಂಥದ್ದರಲ್ಲಿ ಸರ್ಕಾರವೇ ಎದುರಾಳಿಯಾದರೆ 2 ತಿಂಗಳ ಮುಂಚೆ ನೋಟಿಸ್ ಕೊಡಬೇಕು. ವಾಹನ ಅಪಘಾತಕ್ಕೆ ಪ್ರತ್ಯೇಕ ನ್ಯಾಯಮಂಡಳಿ ಇದೆ, ಅದು ಬೇರೆಯೇ ಕಥೆ.

ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಅಕ್ಕಪಕ್ಕದ ತೋಟದವರ ಜಗಳಕ್ಕೆ ಲೋಕ ಅದಾಲತ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ. ಅಲ್ಲಿನ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ (ಅಂತಿಮ ಆದೇಶಕ್ಕೆ) ಸಮ, ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಮೊತ್ತ, ಕಂತಿನ ತಾರೀಕು, ಮುಂದಿನ ಮಳೆಗಾಲದೊಳಗೆ ಕೋಡಿ ಕಟ್ಟುವ ಗಡುವು, ಎಲ್ಲವನ್ನೂ ಬರೆಸಿ, ಓದಿಸಿ ಕೇಳಿಕೊಂಡೇ ಸಹಿ ಹಾಕಿ.